ಊಟದ ಮಾತು: ಕೋಳಿಯೊಳಗೆ ಗುಲಾಬಿ ಬಣ್ಣ ಇತ್ತು, ತಿನ್ನಬಹುದಿತ್ತಾ?

ಹೋದ ಸಂಚಿಕೆಯಲ್ಲಿ ಮನೆಮಂದಿಯೆಲ್ಲ ಹೊರಗಡೆ ಊಟಕ್ಕೆ ಹೋಗುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ: ದಾವಣಗೆರೆಗೂ ಬಂದಿರುವ ಸ್ಮೋಕ್ಡ್ ಬಾರ್ಬೆಕ್ಯೂ, ಅಂದರೆ ಮಾಂಸವನ್ನು ಗಂಟೆಗಟ್ಟಲೆ ಸೌದೆ ಹೊಗೆಯಲ್ಲಿ ಬೇಯಿಸಿ ಬಡಿಸುವ ಹೋಟೆಲು. ಪತ್ರ ಓದಿ ನಾನೂ ಎರಡು ಸಲ ಹೋಗಿ ಬಂದೆ, ಒಂದು ಮಧ್ಯಾಹ್ನ, ಒಂದು ರಾತ್ರಿ. ಎರಡನೇ ಸಲ ಅಡುಗೆ ಹುಡುಗ ಹಿಂದಿನ ಬಾಗಿಲಿಂದ ಕರೆದುಕೊಂಡು ಹೋಗಿ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದ. ಅಲ್ಲಿ ಕಂಡಿದ್ದು ಈ ಉತ್ತರಗಳಿಗೆ ತುಂಬ ಸಹಾಯವಾಯಿತು.

ಪ್ರಶ್ನೆ: ಮೇಡಂ, ಮಗಳ ಹುಟ್ಟುಹಬ್ಬಕ್ಕೆ ಹೋಗಿದ್ವಿ. ಸ್ಮೋಕ್ಡ್ ಚಿಕನ್ ತರಿಸಿದರೆ ಒಳಗೆ ಗುಲಾಬಿ ಬಣ್ಣ. ಇವರು ಹಸಿ ಕೊಟ್ಟಿದ್ದಾರೆ ಅಂತ ನಮ್ಮನೆಯವರು ತಟ್ಟೆ ಸರಿಸಿಬಿಟ್ಟರು. ಬಡಿಸುವವರು ಮಾತ್ರ ಹೊಗೆಯಲ್ಲಿ ಬೆಂದಿದ್ದು ಹಾಗೇ ಇರುತ್ತೆ ಅಂದರು. ಯಾರ ಮಾತು ನಿಜ? – ಗೃಹಿಣಿ, ವಿನೋಬನಗರ

ಉತ್ತರ: ಇಬ್ಬರದ್ದೂ ನಿಜ ಇರಬಹುದು. ಅದಕ್ಕೇ ಈ ಪ್ರಶ್ನೆಯನ್ನು ಮೊದಲು ತೆಗೆದುಕೊಂಡೆ.

ಸೌದೆ ಉರಿಯುವಾಗ ಹೊಗೆಯ ಜೊತೆ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲವೂ ಬರುತ್ತದೆ. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಇದೆಯಲ್ಲ, ಅದಕ್ಕೆ ಈ ಅನಿಲ ಅಂಟಿಕೊಂಡರೆ ಬೆಂದ ಮೇಲೂ ಆ ಬಣ್ಣ ಹೋಗುವುದಿಲ್ಲ. ಅದು ಹೊರಗಿನಿಂದ ಒಳಕ್ಕೆ ಇಳಿಯುವುದರಿಂದ ಅಂಚಿನಲ್ಲಿ ಮಾತ್ರ ಒಂದು ಗುಲಾಬಿ ಪಟ್ಟಿ ಕಾಣುತ್ತದೆ. ಇದಕ್ಕೆ ಸ್ಮೋಕ್ ರಿಂಗ್ ಅನ್ನುತ್ತಾರೆ. ಆ ಹುಡುಗ ಕುರಿ ತೊಡೆಯನ್ನು ಮರದ ಹಲಗೆ ಮೇಲಿಟ್ಟು ಕೊಯ್ದಾಗ ನಾನು ಬಗ್ಗಿ ನೋಡಿದೆ. ಮೇಲೆ ಮಸಿಯಂಥ ಕಪ್ಪು ಸಿಪ್ಪೆ, ಅದರ ಕೆಳಗೆ ಅರ್ಧ ಬೆರಳಿನಷ್ಟು ಗುಲಾಬಿ, ಅದರ ಒಳಗೆಲ್ಲ ಬೂದುಗಂದು. ಒತ್ತಿದರೆ ನೀರಿನಂಥ ರಸ ಬಂತು, ರಕ್ತ ಬರಲಿಲ್ಲ. ಹಾಗಿದ್ದರೆ ಧೈರ್ಯವಾಗಿ ತಿನ್ನಿ.

ಕೋಳಿಯಲ್ಲಿ ಈ ಪಟ್ಟಿ ಚರ್ಮದ ಕೆಳಗೆ ತೆಳ್ಳಗೆ ಇರುತ್ತದೆ. ಎಲುಬಿನ ಪಕ್ಕದ ಕೆಂಪಿಗೆ ಕಾರಣ ಬೇರೆ. ಬ್ರಾಯ್ಲರ್ ಕೋಳಿಯ ವಯಸ್ಸು ತುಂಬ ಕಮ್ಮಿ, ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿದುಬಿಡುತ್ತದೆ. ಇದು ಮನೆಯ ಸಾರಿನಲ್ಲೂ ಒಮ್ಮೊಮ್ಮೆ ಕಾಣುತ್ತದೆ. ಆದರೆ ಅಂಚು ಬೆಳ್ಳಗಿದ್ದು ನಡುಮಧ್ಯೆ ಗುಲಾಬಿ ಇದ್ದರೆ, ಮಾಂಸ ಹೊಳೆಯುತ್ತ ಜಿಗುಟಾಗಿದ್ದರೆ, ಎಲುಬು ಬಿಡದೆ ಎಳೆದಾಡುವಂತಿದ್ದರೆ ಅದು ಬೆಂದಿಲ್ಲ. ವಾಪಸ್ ಕಳಿಸಿ. ಮಗು ಜೊತೆಗಿದ್ದಾಗ ಸಂಕೋಚ ಬೇಡವೇ ಬೇಡ.

ಬಣ್ಣ ನೋಡಿ ತೀರ್ಮಾನ ಮಾಡುವುದು ಕಷ್ಟ, ಅದಕ್ಕೇ ಇಂಥ ಅಡುಗೆಮನೆಯಲ್ಲಿ ಚುಚ್ಚಿ ನೋಡುವ ಥರ್ಮಾಮೀಟರ್ ಇರಲೇಬೇಕು. ಕೋಳಿಯ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಬೆಂದಿದೆ. "ಸ್ವಲ್ಪ ಚುಚ್ಚಿ ತೋರಿಸ್ತೀರಾ?" ಅಂತ ಕೇಳಿ. ನಿಮಗೆ ಬಡಿಸಿದವರು ಬರೀ ಬಾಯಿಮಾತು ಹೇಳುವ ಬದಲು ಇದನ್ನು ಮಾಡಿದ್ದರೆ ನಿಮ್ಮ ಮನೆಯವರು ಹಸಿದುಕೊಂಡು ಏಳುತ್ತಿರಲಿಲ್ಲ.

ಇನ್ನೊಂದು ವಿಷಯ. ಗುಲಾಬಿ ಬೇರೆ, ಕೈಗೆ ಹತ್ತುವ ಕಡುಕೆಂಪು ಬೇರೆ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಹೊಗೆಯಲ್ಲಿ ಬೆಂದ ಮಾಂಸ ಹೊರಗಡೆ ಕಂದು ಇಲ್ಲವೇ ಕಪ್ಪಗಿರುತ್ತದೆ. ಕುಂಕುಮದ ಹಾಗೆ ಕೆಂಪಗಿದ್ದರೆ ಅದು ಹೊಗೆಯ ಬಣ್ಣ ಅಲ್ಲ.

ಪ್ರಶ್ನೆ: ಅಕ್ಕಾ, ಟೇಬಲ್ ಮಧ್ಯೆ ಕೆಂಡ ಇಟ್ಟು ಕಡ್ಡಿಗೆ ಚುಚ್ಚಿ ಕೊಡ್ತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡಕ್ಕೂ ಬಾರ್ಬೆಕ್ಯೂ ಅಂತಾನೇ ಅಂತಾರೆ. – ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸ್ಟೆಲ್‌ನಿಂದ

ಉತ್ತರ: ತಮ್ಮಾ, ಟೇಬಲ್ ಮೇಲಿನದ್ದು ಸುಡುವುದು. ಕೆಂಡದ ನೇರ ಕಾವು, ಹತ್ತಿಪ್ಪತ್ತು ನಿಮಿಷದ ಕೆಲಸ. ಇಲ್ಲಿ ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ಪೆಟ್ಟಿಗೆಯ ಒಳಗಿನ ಕಾವು 110ರಿಂದ 120 ಡಿಗ್ರಿ ಅಷ್ಟೇ. ಅಷ್ಟು ಕಡಿಮೆ ಕಾವಿನಲ್ಲಿ ಕೋಳಿಗೆ ಮೂರು ನಾಲ್ಕು ಗಂಟೆ, ಇಡೀ ಕುರಿ ತೊಡೆಗೆ ಆರೇಳು ಗಂಟೆ ಹಿಡಿಯುತ್ತದೆ.

ಅಷ್ಟು ಹೊತ್ತು ಯಾಕೆ ಅಂತ ನೀನು ಕೇಳಬಹುದು. ಕಾಲು ಸೂಪು ಆರಿದ ಮೇಲೆ ತುಟಿಗೆ ಅಂಟಂಟಾಗುತ್ತದಲ್ವಾ? ಕಾಲಿನಲ್ಲಿರುವ ಗಟ್ಟಿ ಕೊಲಾಜೆನ್ ನಿಧಾನಕ್ಕೆ ಕರಗಿ ಜಿಲೆಟಿನ್ ಆಗಿರುತ್ತದೆ, ಅದರದ್ದೇ ಅಂಟು. ತೊಡೆ, ಮುಂಗಾಲು, ಎದೆ, ಇಂಥ ಗಟ್ಟಿ ಭಾಗಗಳಲ್ಲೂ ಇದೇ ಆಗಬೇಕು, ಅದಕ್ಕೆ ಒಳಗಿನ ಕಾವು 90 ಡಿಗ್ರಿಯ ಹತ್ತಿರ ಹೋಗಬೇಕು. ಆದರೆ ನಡುವೆ, 65–70 ಡಿಗ್ರಿಯ ಸುತ್ತ, ಕಾವು ಮೇಲೇಳದೆ ನಿಂತುಬಿಡುತ್ತದೆ. ಮಾಂಸದ ನೀರು ಮೇಲ್ಮೈಯಲ್ಲಿ ಆವಿಯಾಗುತ್ತ ಅದನ್ನು ತಣ್ಣಗೆ ಮಾಡುತ್ತಿರುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೇ. ದೊಡ್ಡ ತುಂಡಾದರೆ ಗಂಟೆಗಟ್ಟಲೆ ಹೀಗೇ ನಿಲ್ಲುತ್ತದೆ. ಅಲ್ಲಿ ತಾಳ್ಮೆ ಕೆಟ್ಟು ಉರಿ ಜಾಸ್ತಿ ಮಾಡಿದ ಹೋಟೆಲಿನ ಮಾಂಸ ಹೊರಗೆ ಕರಕಲಾಗಿ ಒಳಗೆ ರಬ್ಬರಾಗಿರುತ್ತದೆ.

ಬಾರ್ಬೆಕ್ಯೂ ಅನ್ನುವ ಪದ ಬಂದಿದ್ದು ಕೆರಿಬಿಯನ್ ದ್ವೀಪಗಳ ಟೈನೋ ಜನರಿಂದ, ಸ್ಪ್ಯಾನಿಷರ ಬಾಯಲ್ಲಿ ಬಾರ್ಬಕೋವಾ ಆಗಿ. ಮೊದಲು ಅದು ಬೆಂಕಿಯ ಮೇಲೆ ಕಟ್ಟುವ ಕಡ್ಡಿಗಳ ಅಟ್ಟಣಿಗೆಯ ಹೆಸರು. ಎರಡು ಥರದ ಹೋಟೆಲಿನವರೂ ಅದನ್ನು ಬಳಸಲಿ, ತಪ್ಪಿಲ್ಲ. ನೀನು ಮಾತ್ರ ಒಳಗೆ ಹೋಗುತ್ತಲೇ ಒಂದು ಪ್ರಶ್ನೆ ಕೇಳು: "ಇವತ್ತಿನದ್ದು ಎಷ್ಟು ಗಂಟೆಗೆ ಒಳಗೆ ಇಟ್ರಿ?" ನಿಜವಾಗಿ ಹೊಗೆಯಲ್ಲಿ ಬೇಯಿಸುವವರು ಥಟ್ಟನೆ ಹೇಳುತ್ತಾರೆ. ನಾನು ಕೇಳಿದಾಗ "ಬೆಳಿಗ್ಗೆ ಐದೂವರೆ" ಅಂತ ಉತ್ತರ ಬಂತು, ಹುಡುಗನ ಕಣ್ಣೇ ಅದನ್ನು ಹೇಳುತ್ತಿತ್ತು. ಬೆಂಗಳೂರಿನ ಒಂದು ಹೋಟೆಲಲ್ಲಿ ಇದೇ ಪ್ರಶ್ನೆಗೆ ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಬಂದ ಮಾಂಸ ಕುಕ್ಕರಿನಲ್ಲಿ ಬೆಂದದ್ದು. ಬಾಟಲಿಯಲ್ಲಿ ಬರುವ ಹೊಗೆಯ ದ್ರವವನ್ನು ಸಾಸಿಗೆ ಬೆರೆಸಿ ಮೇಲೆ ಬಳಿದಿದ್ದರು. ಬಾಯಲ್ಲಿ ಔಷಧಿಯಂಥ ಕಹಿ ರಾತ್ರಿಯವರೆಗೂ ಹೋಗಲಿಲ್ಲ. ಕೊಟ್ಟ ದುಡ್ಡಿಗಿಂತ, ಸುಳ್ಳು ಹೇಳಿ ಬಡಿಸಿದರಲ್ಲ ಅನ್ನುವ ಬೇಜಾರೇ ಜಾಸ್ತಿಯಾಯಿತು.

ಪ್ರಶ್ನೆ: ರಾತ್ರಿ ಎಂಟೂವರೆಗೆ ಹೋದರೆ ಮಟನ್ ಖಾಲಿ ಅಂದರು. ಇಷ್ಟು ದೊಡ್ಡ ಹೋಟೆಲು ಇಟ್ಟುಕೊಂಡು ಇದೆಂಥ ವ್ಯವಸ್ಥೆ? – ವ್ಯಾಪಾರಿ, ಪಿ.ಬಿ. ರಸ್ತೆ

ಉತ್ತರ: ಒಳ್ಳೆಯ ಲಕ್ಷಣ. ಬೆಳಿಗ್ಗೆ ಇಟ್ಟಿದ್ದು ಖಾಲಿಯಾದ ಮೇಲೆ ಅರ್ಧ ಗಂಟೆಯಲ್ಲಿ ಇನ್ನೊಂದು ತೊಡೆ ಬೇಯಿಸಲು ಆಗುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಹೆಸರುವಾಸಿ ಅಂಗಡಿಗಳು ಮಧ್ಯಾಹ್ನವೇ ಖಾಲಿ ಅಂತ ಬಾಗಿಲು ಹಾಕುತ್ತವೆ. ನಮ್ಮಲ್ಲಿ ಬೆಣ್ಣೆ ದೋಸೆ ಹಿಟ್ಟು ಮುಗಿದರೆ ಕಾವಲಿ ತೊಳೆದು ಇಡುವುದಿಲ್ವಾ, ಹಾಗೇ. ಬೆಳಿಗ್ಗೆ ಫೋನ್ ಮಾಡಿ ನಿಮ್ಮ ಪಾಲು ಎತ್ತಿಡಲು ಹೇಳಿ. ಯಾವಾಗ ಹೋದರೂ, ಎಷ್ಟು ಹೊತ್ತಿಗಾದರೂ ಎಲ್ಲವೂ ಸಿಗುತ್ತದೆ ಅನ್ನುವ ಕಡೆ ನನಗೆ ಅನುಮಾನ ಬರುತ್ತದೆ, ಅದು ನಿನ್ನೆಯದ್ದೋ ಮೊನ್ನೆಯದ್ದೋ ಅಂತ.

ಪ್ರಶ್ನೆ: ಮಾಂಸದ ಅಂಗಡಿಯಲ್ಲಿ ಒಂದು ಕೆಜಿಗೆ ಕೊಡೋ ದುಡ್ಡನ್ನ ಇಲ್ಲಿ ಕಾಲು ಕೆಜಿ ಚಿಲ್ಲರೆಗೆ ತಗೋತಾರೆ. ಜೊತೆಗೆ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಬೇರೆ. ಇದು ನ್ಯಾಯನಾ? – ನಿವೃತ್ತ ಮೇಷ್ಟ್ರು, ಹದಡಿ ರಸ್ತೆ

ಉತ್ತರ: ಮೇಷ್ಟ್ರೇ, ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ. ಒಂದು ಕೆಜಿ ಹಸಿ ಮಾಂಸ ಇಷ್ಟು ಹೊತ್ತು ಹೊಗೆಯಲ್ಲಿ ಕೂತರೆ ನೀರು ಆರಿ, ಕೊಬ್ಬು ಕರಗಿ, ಮೂರನೇ ಒಂದು ಭಾಗದಷ್ಟು ತೂಕ ಕಳೆದುಕೊಳ್ಳುತ್ತದೆ, ಕೊಬ್ಬಿನ ಭಾಗವಾದರೆ ಇನ್ನೂ ಜಾಸ್ತಿ. ಸುಮಾರು 650 ಗ್ರಾಂ ಉಳಿಯಿತು ಅನ್ನಿ, ಅದರಲ್ಲಿ ಎಲುಬೂ ಸೇರಿದೆ. ಮೇಲೆ ಇಡೀ ದಿನದ ಸೌದೆ, ಬೆಳಗಿನ ಜಾವ ಎದ್ದು ಉರಿ ಕಾಯುವವನ ಕೂಲಿ. ಹಾಗಾಗಿ ಬೆಲೆ ಜಾಸ್ತಿ ಇರುವುದು ಸಹಜ. ನೀವು ಕೇಳಬೇಕಾದ್ದು ಇಷ್ಟು: ಮೆನುವಿನಲ್ಲಿರುವ ಗ್ರಾಂ ಹಸಿ ತೂಕವಾ, ಬೆಂದ ಮೇಲಿನ ತೂಕವಾ? ಎಲುಬು ಸೇರಿದೆಯಾ? ಟೆಕ್ಸಾಸ್‌ನ ಕ್ರಮವೇ ತೂಕ ಮಾಡಿ ಕೊಡುವುದು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಹೋದ ಜರ್ಮನ್ ಮತ್ತು ಚೆಕ್ ಕಸಾಯಿಯವರು ಮಾರಾಟವಾಗದೆ ಉಳಿದ ಮಾಂಸವನ್ನು ಹೊಗೆಗೆ ಹಾಕಿ, ಅಂಗಡಿಯ ಕಾಗದದಲ್ಲೇ ಸುತ್ತಿ ಮಾರುತ್ತಿದ್ದರು. ಇವತ್ತಿಗೂ ತಟ್ಟೆಯ ಬದಲು ಕಂದು ಕಾಗದ ಹಾಸಿ ಬಡಿಸುವುದು ಅಲ್ಲಿಂದ ಬಂದ ಅಭ್ಯಾಸ. ನಮ್ಮ ಹೋಟೆಲಿನವರು ಕಾಗದ ಮಾತ್ರ ತಂದಿದ್ದಾರೆ, ತಕ್ಕಡಿಯನ್ನೂ ಗಿರಾಕಿಯ ಕಣ್ಣೆದುರಿಗೆ ತರಲಿ ಅನ್ನುವುದು ನನ್ನ ಆಸೆ.

ಸರ್ವಿಸ್ ಚಾರ್ಜ್ ವಿಷಯಕ್ಕೆ ಬಂದರೆ ನಿಮ್ಮ ಸಿಟ್ಟು ಸರಿಯಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ, ಹೋಟೆಲಿನವರು ತಾವಾಗಿಯೇ ಅದನ್ನು ಬಿಲ್ಲಿಗೆ ಸೇರಿಸಬಾರದು ಅಂತ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಹೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ಲು ಇಟ್ಟುಕೊಂಡಿರಿ. ಹುಡುಗರ ಕೆಲಸ ಇಷ್ಟವಾದರೆ ಕೈಯಾರೆ ಅವರಿಗೇ ಕೊಡಿ.

ಪ್ರಶ್ನೆ: ತಾಯಿ, ನಮಸ್ಕಾರ. ಮೊಮ್ಮಕ್ಕಳು ಊರಿಗೆ ಬಂದಾಗ ತೋಟದಲ್ಲೇ ಡ್ರಮ್ಮು ಕೊರೆದು ಇಂಥದ್ದು ಮಾಡಬೇಕಂತಾರೆ. ನಮ್ಮ ಕಡೆ ಜಾಲಿ ಬಿಟ್ಟರೆ ಬೇರೆ ಸೌದೆ ಕಮ್ಮಿ. ಆಗುತ್ತಾ? – ರೈತರು, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ

ಉತ್ತರ: ಯಜಮಾನರೇ, ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಕಾರಣ ಇದೆ. ಟೆಕ್ಸಾಸ್‌ನವರು ಹೆಮ್ಮೆಯಿಂದ ಉರಿಸುವ ಮೆಸ್ಕೀಟ್ ಅನ್ನುವ ಸೌದೆ ಇದೆಯಲ್ಲ, ಅದು ನಿಮ್ಮ ಹೊಲದ ಬದುವಿನಲ್ಲಿ ಬೇಡ ಅಂದರೂ ಬೆಳೆಯುವ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಬಳ್ಳಾರಿ ಜಾಲಿಯ ಮೂಲವೂ ಅಮೆರಿಕ ಖಂಡವೇ, ಅಲ್ಲಿಂದ ನಮ್ಮ ಬಯಲುಸೀಮೆಗೆ ಬಂದು ಇಡೀ ಕೆರೆಯಂಗಳಗಳನ್ನೇ ತುಂಬಿಕೊಂಡಿದೆ. ಅದರ ಇದ್ದಿಲು ಸುಟ್ಟು ಮಾರುವವರು ನಿಮ್ಮ ಕಡೆಯೇ ಇದ್ದಾರೆ. ಹೋಟೆಲಿನವರು ದೂರದಿಂದ ಪ್ಯಾಕೆಟ್ಟಿನಲ್ಲಿ ತರಿಸುವ ಸೌದೆಯ ತಮ್ಮನನ್ನು ನೀವು ದಿನಾ ಒಲೆಗೆ ಹಾಕುತ್ತಿದ್ದೀರಿ!

ಆದರೆ ಅದರ ಸ್ವಭಾವ ತಿಳಿದು ಬಳಸಬೇಕು. ಜಾಲಿಗೆ ಕಾವು ಜಾಸ್ತಿ, ಹೊಗೆ ಖಾರ. ಆರು ಗಂಟೆ ಅದರದ್ದೇ ಹೊಗೆ ಕುಡಿದರೆ ಮಾಂಸ ಕಹಿಯಾಗುತ್ತದೆ. ಟೆಕ್ಸಾಸ್‌ನಲ್ಲೂ ಬಹಳ ಜನ ದೀರ್ಘ ಅಡುಗೆಗೆ ಓಕ್ ಮರ ಬಳಸುತ್ತಾರೆ, ಮೆಸ್ಕೀಟನ್ನು ಹೆಚ್ಚಾಗಿ ಬೇಗ ಸುಡುವುದಕ್ಕೆ ಇಟ್ಟುಕೊಳ್ಳುತ್ತಾರೆ. ನೀವು ಜಾಲಿಯನ್ನು ಪಕ್ಕದಲ್ಲಿ ಬೇರೆ ಉರಿಸಿ ಕೆಂಡ ಮಾಡಿ, ಆ ಕೆಂಡವನ್ನು ಸಲಿಕೆಯಲ್ಲಿ ಎತ್ತಿ ಡ್ರಮ್ಮಿನ ಒಂದು ಮೂಲೆಗೆ ಹಾಕಿ. ಅದರ ಮೇಲೆ ಮಾವಿನ ಸೌದೆಯದ್ದೋ ಸೀಬೆಯದ್ದೋ ಒಣ ತುಂಡು ಒಂದೊಂದೇ ಇಡಿ. ಹೊಗೆ ತೆಳ್ಳಗೆ, ನೀಲಿಗೆ ತಿರುಗಿದ್ದರೆ ಚೆನ್ನ. ದಟ್ಟ ಬಿಳಿ ಹೊಗೆ ಬಂದರೆ ಸೌದೆ ಹಸಿ ಇದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಆಗ ಮಾಂಸ ಒಳಗಿಡಬೇಡಿ. ಮನೆಯಲ್ಲಿ ಒಲೆ ಮುಂದೆ ಕೂತವರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ, ಕಣ್ಣು ಉರಿಸುವ ಹೊಗೆ ನಾಲಿಗೆಯನ್ನೂ ಕೆಡಿಸುತ್ತದೆ.

ನೀಲಗಿರಿ ಬೇಡ, ಎಣ್ಣೆ ಇರುವ ಮರ. ಹಳೇ ಬಾಗಿಲು, ಪ್ಲೈವುಡ್, ಬಣ್ಣ ಹೊಡೆದ ಹಲಗೆ ಮುಟ್ಟಲೇಬೇಡಿ, ಅವುಗಳ ಹೊಗೆ ವಿಷ. ಔಷಧಿ, ಕೆಮಿಕಲ್ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಮಳೆ ಬಂತೆಂದು ಡ್ರಮ್ಮನ್ನು ಮನೆ ಒಳಗೋ ಪಂಪ್‌ಸೆಟ್ ಕೋಣೆಗೋ ತಳ್ಳಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಮೊಮ್ಮಕ್ಕಳಿಗೆ ಈ ಮಾತನ್ನು ಎರಡು ಸಲ ಹೇಳಿ.

ಮಾಂಸದ ಬಗ್ಗೆ ನಿಮಗೆ ನಾನೇನು ಹೇಳಲಿ, ಒಳ್ಳೇ ಕುರಿ ಇರುವ ಸೀಮೆ ನಿಮ್ಮದು. ಉಪ್ಪು, ಕಾಳುಮೆಣಸಿನ ಪುಡಿ, ಅಷ್ಟೇ ಹಚ್ಚಿ ಒಂದು ರಾತ್ರಿ ಇಡಿ. ತಲೆಕಾಲು ಸುಡುವಾಗ ಬರುವ ಆ ಪರಿಮಳ ಇದೆಯಲ್ಲ, ನಮ್ಮ ಅವ್ವ ಹಿತ್ತಲಲ್ಲಿ ಸುಟ್ಟು ಚಾಕುವಿನಲ್ಲಿ ಕೆರೆಯುವಾಗ ನಾವು ಮಕ್ಕಳೆಲ್ಲ ಸುತ್ತ ಕೂತು ಕಾಯುತ್ತಿದ್ದೆವು. ಈ ಹೋಟೆಲಿನ ಕುರಿ ತೊಡೆಯ ಮೊದಲ ತುತ್ತಿನಲ್ಲಿ ನನಗೆ ಅದೇ ನೆನಪಾಗಿ ಒಂದು ಕ್ಷಣ ಮಾತು ಬರಲಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಅತ್ತೆ ಮತ್ತು ನಾನು ಸಸ್ಯಾಹಾರಿಗಳು. ಗಂಡ, ಮಕ್ಕಳು ತಿಂತಾರೆ. ಎಲ್ಲರೂ ಒಟ್ಟಿಗೆ ಹೋಗಬಹುದಾ? – ಬ್ಯಾಂಕ್ ಉದ್ಯೋಗಿ, ಎಂ.ಸಿ.ಸಿ. ಬಿ ಬ್ಲಾಕ್

ಉತ್ತರ: ನಿಮ್ಮ ಊರಲ್ಲಿ ಇಂಥ ಮನೆಗಳು ಬಹಳ. ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ನಂಬಬೇಡಿ. ಮೂರು ಸಂಗತಿ ವಿಚಾರಿಸಿ. ಪನೀರ್, ಜೋಳದ ತೆನೆ, ಅಣಬೆಗೆ ಬೇರೆ ಪೆಟ್ಟಿಗೆ ಇದೆಯಾ, ಅಥವಾ ಮಾಂಸದ ಕೆಳಗಿನ ತಟ್ಟೆಯಲ್ಲೇ ಇಡುತ್ತಾರಾ? ಮೇಲಿನ ಕೊಬ್ಬು ಕರಗಿ ತೊಟ್ಟಿಕ್ಕುತ್ತಲೇ ಇರುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಎರಡು, ಬೀನ್ಸ್ ಬೇಯಿಸುವಾಗ ಮಾಂಸದ ಚೂರೋ ಜಿಡ್ಡೋ ಹಾಕುತ್ತಾರಾ? ಅಮೆರಿಕದ ಪಾಕದಲ್ಲಿ ಅದು ಮಾಮೂಲು. ಮೂರು, ಸಾಸು. ವೂಸ್ಟರ್ ಸಾಸಿನ ಮೂಲ ಪಾಕದಲ್ಲಿ ಆಂಚೊವಿ ಅನ್ನುವ ಮೀನು ಇರುತ್ತದೆ, ಬಿಳಿ ಸಾಸಿನ ಮಯೋನೀಸ್‌ನಲ್ಲಿ ಮೊಟ್ಟೆ ಇರಬಹುದು.

ಉತ್ತರ ತಡವರಿಸಿದರೆ ಅತ್ತೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಒಂದು ಸಂಜೆಯ ಖುಷಿಗೆ ಹಿರಿಯರ ನೇಮ ಮುರಿಯುವುದು ಬೇಡ. ಎಲ್ಲಾ ಬೇರೆ ಇದೆ ಅಂತ ಗೊತ್ತಾದರೆ ಹೊಗೆಯಲ್ಲಿ ಬೆಂದ ಗೆಣಸು ತರಿಸಿ ನೋಡಿ, ಬಹಳ ರುಚಿ. ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜು ಇಷ್ಟಪಡುವ ಅತ್ತೆಯವರಿಗೆ ಇದೂ ಹಿಡಿಸುತ್ತದೆ.

ಪ್ರಶ್ನೆ: ಹೊಗೆ ಹಿಡಿದ ಮಾಂಸ ತಿಂದರೆ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ. – ಹರಿಹರದ ಓದುಗರು

ಉತ್ತರ: ಪೂರ್ತಿ ಸುಳ್ಳಲ್ಲ, ಹೆದರಿಸಿದಷ್ಟೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಉಪ್ಪು ಹಾಕಿ ಇಟ್ಟಿದ್ದು, ಹೊಗೆ ಹಾಕಿದ್ದು ಎಲ್ಲ ಅದರಲ್ಲಿ ಬರುತ್ತವೆ. ಕೊಬ್ಬು ಉರಿಯ ಮೇಲೆ ಬಿದ್ದು ಏಳುವ ಮಸಿಯಲ್ಲಿ ಕೆಟ್ಟ ರಾಸಾಯನಿಕಗಳಿರುವುದೂ ನಿಜ. ದಿನಾ ತಿನ್ನುವವರಿಗೆ ಅಪಾಯ ಜಾಸ್ತಿ. ಎರಡು ತಿಂಗಳಿಗೊಮ್ಮೆ ಹೋಗುವವರು ಮಾಂಸ ಕಮ್ಮಿ, ಜೊತೆಗೆ ಕೋಸಿನ ಸಲಾಡ್, ಈರುಳ್ಳಿ, ಸೌತೆಕಾಯಿ ಜಾಸ್ತಿ ತಿನ್ನಲಿ. ಇದ್ದಿಲಿನಂತೆ ಸುಟ್ಟು ಹೋದ ಭಾಗ ಬಿಟ್ಟುಬಿಡಿ. ಬಿ.ಪಿ. ಇರುವವರು ಉಪ್ಪಿನ ಬಗ್ಗೆಯೂ ಎಚ್ಚರ, ಹಚ್ಚುವ ಮಸಾಲೆಯಲ್ಲಿ, ಸಾಸಿನಲ್ಲಿ ಎರಡರಲ್ಲೂ ಇರುತ್ತದೆ.

ಪ್ರಶ್ನೆ: ಮೊದಲ ಸಲ ಹೋಗ್ತಿದ್ದೀವಿ, ನಾಲ್ಕು ಜನ. ಏನು ತರಿಸೋದು? ಉಳಿದರೆ ಮನೆಗೆ ತರಬಹುದಾ? – ಹೊಸ ದಂಪತಿ, ವಿದ್ಯಾನಗರ

ಉತ್ತರ: ತಲೆಗೆ 200 ಗ್ರಾಂ ಬೆಂದ ಮಾಂಸ ಸಾಕು. ಕುರಿ ತೊಡೆ ಅರ್ಧ ಕೆಜಿ, ಒಂದು ಅರ್ಧ ಕೋಳಿ ಹೇಳಿ. ಮೊದಲ ತುತ್ತು ಸಾಸಿಲ್ಲದೆ ತಿನ್ನಿ. ಸಾಸ್ ಮೊದಲೇ ಸುರಿದು ತಂದರೆ ಮುಂದಿನ ಸಲ ಬೇರೆ ಬಟ್ಟಲಲ್ಲಿ ಕೊಡಿ ಅನ್ನಿ, ಸಿಹಿ ಸಾಸಿನ ಕೆಳಗೆ ಒಳ್ಳೆಯದೂ ಕಾಣುವುದಿಲ್ಲ, ಕೆಟ್ಟದ್ದೂ ಕಾಣುವುದಿಲ್ಲ. ಕೋಳಿಯ ಚರ್ಮ ರಬ್ಬರಿನಂತಿದ್ದರೆ ಎರಡು ನಿಮಿಷ ಜೋರು ಕೆಂಡದ ಮೇಲೆ ಹಿಡಿದು ಕೊಡಲು ಹೇಳಿ, ಬಲ್ಲವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಉಳಿದದ್ದನ್ನು ಖಂಡಿತ ಕಟ್ಟಿಸಿಕೊಂಡು ಬನ್ನಿ. ಹೊಗೆ ಹಾಕಿದೆ, ಕೆಡುವುದಿಲ್ಲ ಅಂದುಕೊಂಡು ಹೊರಗಿಡಬೇಡಿ. ಬಡಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಮಾರನೇ ದಿನ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹಬೆ ಏಳುವವರೆಗೆ ಬಿಸಿ ಮಾಡಿ. ಎಲುಬನ್ನು ಬಿಸಾಡಬೇಡಿ. ಬೇಳೆ ಬೇಯುವಾಗ ಜೊತೆಗೆ ಹಾಕಿ, ಹುಣಸೆಹುಳಿ ಕಮ್ಮಿ, ಬೆಳ್ಳುಳ್ಳಿ ಜಾಸ್ತಿ ಮಾಡಿ ಸಾರು ಕುದಿಸಿ. ನಾನು ಹಾಗೆ ಮಾಡಿದ ದಿನ ರಾಗಿ ಮುದ್ದೆ ಒಂದು ಸಾಕಾಗಲಿಲ್ಲ, ಇನ್ನೊಂದು ತೊಳಸಬೇಕಾಯಿತು.